ಬಿಕಾಂ 43%, ಎಲ್‌ಎಲ್‌ಬಿ ಅರ್ಜಿ ವಾಪಸ್: ಮುಂದೇನು?

ಕುವೆಂಪು ವಿವಿಯಲ್ಲಿ ಬಿಕಾಂ ಮುಗಿಸಿದ ತೀರ್ಥಹಳ್ಳಿಯ ಓದುಗರೊಬ್ಬರ ಪ್ರಶ್ನೆ: 'ಬಿಕಾಂನಲ್ಲಿ 43% ಬಂದಿದೆ. ಮೂರು ವರ್ಷದ ಎಲ್‌ಎಲ್‌ಬಿಗೆ ಹಾಕಿದ ಅರ್ಜಿ ವಾಪಸ್ ಬಂತು. ಮುಂದೇನು ಮಾಡಲಿ?'

43% ಇದ್ದೂ ಅರ್ಜಿ ವಾಪಸ್ ಬಂದಿದೆ ಅಂದರೆ, ಬಹುಶಃ ನಿಮ್ಮನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿ ನೋಡಿದ್ದಾರೆ. ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಭಾರತೀಯ ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಸಾಮಾನ್ಯ ವರ್ಗಕ್ಕೆ 45% ಬೇಕು. ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟರಿಗೆ 40% ಸಾಕು. ನೀವು ಯಾವ ವರ್ಗ ಅಂತ ಬರೆದಿಲ್ಲ, ಹಾಗಾಗಿ ಇದು ನನ್ನ ಊಹೆ.

ಮೊದಲು ಎಲ್ಲ ಸೆಮಿಸ್ಟರ್‌ಗಳ ಅಂಕ ಕೂಡಿ, ಒಟ್ಟು ಅಂಕಕ್ಕೆ ಶೇಕಡಾ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ನಿಮ್ಮ ಜಾತಿ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದರೆ ತೀರ್ಥಹಳ್ಳಿ ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿ, ಅದರ ಜೊತೆ ಮತ್ತೆ ಅರ್ಜಿ ಕೊಡಿ. ಮಳೆಗಾಲದಲ್ಲಿ ಅಲ್ಲಿ ಸರ್ವರ್ ಕೈಕೊಡುವುದು ಜಾಸ್ತಿ, ಕೊನೆ ದಿನಕ್ಕೆ ಬಿಡಬೇಡಿ.

ಸಾಮಾನ್ಯ ವರ್ಗವೇ ಆದರೆ ಕುವೆಂಪು ವಿವಿ ಇರುವ ಶಂಕರಘಟ್ಟಕ್ಕೆ ಹೋಗಿ. ಅಲ್ಲಿನ ಪರೀಕ್ಷಾ ವಿಭಾಗದಲ್ಲಿ ನಿಮ್ಮ ಬ್ಯಾಚಿಗೆ ಅಂಕ ಸುಧಾರಣೆ ಪರೀಕ್ಷೆಗೆ ಅವಕಾಶ ಇದೆಯಾ ಕೇಳಿ. ಎಲ್ಲ ಬ್ಯಾಚಿಗೂ ಇರುತ್ತೆ ಅಂತ ಹೇಳೋಕಾಗಲ್ಲ. ಉತ್ತರವನ್ನು ಬರಹದಲ್ಲೇ ಪಡೆಯಿರಿ.

'ಬೇರೆ ರಾಜ್ಯದಲ್ಲಿ ಕಡಿಮೆ ಅಂಕಕ್ಕೂ ಸೀಟು ಕೊಡಿಸ್ತೀವಿ' ಅನ್ನುವ ಏಜೆಂಟರ ಸಹವಾಸ ಬೇಡ. ನಿಯಮ ದೇಶಕ್ಕೆಲ್ಲ ಒಂದೇ. ಮೂರು ವರ್ಷ ಓದಿ, ಸನ್ನದು (ವಕೀಲಿಕೆಯ ಪರವಾನಗಿ) ಪಡೆಯುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಅಂಚೆ ಮೂಲಕ ಕಲಿತ ಎಲ್‌ಎಲ್‌ಬಿಯಿಂದಲೂ ವಕೀಲಿಕೆ ಮಾಡೋಕಾಗಲ್ಲ.

ರಾಷ್ಟ್ರೀಯ ಕಾನೂನು ವಿವಿಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ನ ಚಿಂತೆ ಬಿಡಿ. ಹುಬ್ಬಳ್ಳಿಯ ಕಾನೂನು ವಿವಿ ಅಡಿಯ ಕಾಲೇಜುಗಳ ಮೂರು ವರ್ಷದ ಕೋರ್ಸಿಗೆ ಅದು ಬೇಕಿಲ್ಲ, ಕೋಚಿಂಗಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಸೀಟು ಸಿಕ್ಕ ಮೇಲೆ ನಿಮ್ಮ ಬಿಕಾಂ ಅಂಕವನ್ನು ಯಾವ ಸೀನಿಯರ್ ವಕೀಲರೂ ಕೇಳುವುದಿಲ್ಲ.