ಲಿಂಕ್ ಮಾತ್ರ ಹಾಕಿದರೆ ತಪ್ಪೇನು?

"ಫೋಟೋ ಕಾಪಿ ಮಾಡಿಲ್ಲ, ಬೇರೆಯವರ ಸೈಟಿನಲ್ಲಿರುವ ಫೋಟೋದ ಲಿಂಕನ್ನಷ್ಟೇ ಹಾಕಿ ನನ್ನ ಪುಟದಲ್ಲಿ ಅದು ಕಾಣುವ ಹಾಗೆ ಮಾಡಿದ್ದೇನೆ, ತಪ್ಪೇನು?" ಅಂತ ಕೇಳಿದ್ದೀರಿ. ತೊಂದರೆ ಇರುವುದೇ ಅಲ್ಲಿ. ನಿಮ್ಮ ಪುಟವನ್ನು ಯಾರು ತೆರೆದರೂ ಆ ಫೋಟೋ ಬರುವುದು ಅವರ ಸರ್ವರಿನಿಂದ, ಅಂದರೆ ಅವರ ಸೈಟಿನ ಫೈಲ್‌ಗಳಿರುವ ಕಂಪ್ಯೂಟರಿನಿಂದ. 2 ಎಂಬಿ ಫೋಟೋವನ್ನು 5,000 ಜನ ನೋಡಿದರೆ 10 ಜಿಬಿ ಡೇಟಾ ಅವರ ಲೆಕ್ಕಕ್ಕೆ. ಸೈಟ್ ಇಡಲು ಅವರು ತೆಗೆದುಕೊಂಡಿರುವುದು ಚಿಕ್ಕ ಹೋಸ್ಟಿಂಗ್ ಪ್ಲಾನ್ ಆದರೆ ತಿಂಗಳ ಡೇಟಾ ಮಿತಿಯೇ ಮುಗಿದುಹೋಗಬಹುದು. ಪಕ್ಕದ ಮನೆ ಮೀಟರಿನಿಂದ ವೈರ್ ಎಳೆದು ನಮ್ಮ ಮನೆಗೆ ಲೈಟ್ ಹಾಕಿಕೊಂಡ ಹಾಗೆ, ಅಲ್ವಾ?

ಅವರಿಗಿಂತ ಜಾಸ್ತಿ ಪೇಚಿಗೆ ಸಿಕ್ಕುವವರು ನೀವೇ ಆಗಬಹುದು. ಫೈಲ್ ಅವರ ಕೈಯಲ್ಲಿದೆ, ಯಾವಾಗ ಬೇಕಾದರೂ ಬದಲಿಸಬಹುದು. 2007ರಲ್ಲಿ ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಅವರ ಮೈಸ್ಪೇಸ್ (ಒಂದು ಸೋಷಿಯಲ್ ಮೀಡಿಯಾ ಸೈಟ್) ಪುಟದಲ್ಲಿ ಆಗಿದ್ದು ಇದೇ. ಪುಟ ನೋಡಿಕೊಳ್ಳುತ್ತಿದ್ದವರು ಡಿಸೈನರ್ ಮೈಕ್ ಡೇವಿಡ್ಸನ್ ಅವರ ಸರ್ವರಿನಲ್ಲಿದ್ದ ಚಿತ್ರವನ್ನು ಸುಮ್ನೆ ಬಳಸುತ್ತಿದ್ದರು. ಡೇವಿಡ್ಸನ್ ಆ ಚಿತ್ರವನ್ನು ಬದಲಿಸಿಬಿಟ್ಟರು. ಮೆಕೇನ್ ನಿಲುವು ಬದಲಿಸಿ ಸಲಿಂಗ ಮದುವೆಗೆ ಬೆಂಬಲ ಕೊಡುತ್ತಿದ್ದಾರೆ ಎಂಬ ತಮಾಷೆಯ ಪ್ರಕಟಣೆ ಅವರದೇ ಪುಟದಲ್ಲಿ ಕಾಣಿಸಿತು!

ಹಾಗಾಗಿ ಒಂದು ಮೇಲ್ ಬರೆದು ಕೇಳಿ. ಒಪ್ಪಿದರೆ ಫೋಟೋ ಇಳಿಸಿಕೊಂಡು ನಿಮ್ಮ ಸರ್ವರಿಗೇ ಹಾಕಿ. ಇಲ್ಲವಾದರೆ ಎಲ್ಲರೂ ಬಳಸಬಹುದಾದ ಫೋಟೋಗಳಿರುವ ವಿಕಿಮೀಡಿಯಾ ಕಾಮನ್ಸ್ ಸೈಟಿನಲ್ಲಿ ಹುಡುಕಿ. ತೆಗೆದವರ ಹೆಸರು, ಲೈಸೆನ್ಸ್ (ಬಳಸಲು ಕೊಟ್ಟಿರುವ ಅನುಮತಿ) ಎರಡನ್ನೂ ಫೋಟೋ ಕೆಳಗೆ ಬರೆಯಿರಿ.