ಅವನು ಬಿಡ್ತಾನಾ, ಇನ್ನೊಂದು ವರ್ಷ ಆಡ್ತಾನಾ? ಗ್ರೀನ್ ಬೇಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈ ಊರಿಗೆ ಬಂದು ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಚಳಿಗೆ ಏನು ಮಾಡೋದು, ಬೇಳೆಕಾಳು ಎಲ್ಲಿ ತರೋದು ಅನ್ನೋದು ಮೊದಲೆರಡು. ಮೂರನೆಯದು ಇದು: ಆಫೀಸಿನಲ್ಲಿ ಊಟಕ್ಕೆ ಕೂತಾಗ ಎಲ್ಲರೂ ಅಮೆರಿಕನ್ ಫುಟ್‌ಬಾಲಿನ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ನಿವೃತ್ತನಾಗ್ತಾನಾ ಇಲ್ವಾ ಅಂತ ಗಂಟೆಗಟ್ಟಲೆ ಚರ್ಚೆ ಮಾಡ್ತಾರೆ, ಅವನು ಈ ಊರಿನ ತಂಡ ಬಿಟ್ಟು ವರ್ಷಗಳಾಗಿವೆ, ಇವರಿಗೇನು ಹುಚ್ಚಾ, ನಾನು ಅಲ್ಲಿ ಕೂತು ಏನು ಮಾಡಲಿ?

ಚಳಿಗೆ: ಜಾಕೆಟ್ ಬೆಂಗಳೂರಿನಿಂದ ಹೊತ್ತು ತರಿಸಬೇಡಿ, ಇಲ್ಲೇ ಕೊಳ್ಳಿ. ಬೂಟಿನ ವಿಷಯದಲ್ಲಿ ದುಡ್ಡಿನ ಮುಖ ನೋಡಬೇಡಿ. ಕಾರಿನ ಡಿಕ್ಕಿಯಲ್ಲಿ ಒಂದು ಸಲಿಕೆ, ಒಂದು ಕಂಬಳಿ ಸದಾ ಇರಲಿ. ಬೇಳೆಗೆ: ಮಿಲ್ವಾಕಿ ಕಡೆ ಹೋಗುವವರ ಜೊತೆ ಸೇರಿಕೊಳ್ಳಿ. ಹತ್ತಿರದ ಪ್ಯೂವಾಕಿಯಲ್ಲಿ ದೇವಸ್ಥಾನವೂ ಇದೆ, ಎರಡು ಗಂಟೆ ದಾರಿ, ಒಂದೇ ಓಡಾಟದಲ್ಲಿ ಎರಡೂ ಕೆಲಸ ಮುಗಿಯುತ್ತೆ. ಇವೆರಡೂ ಒಂದು ಚಳಿಗಾಲ ಕಳೆದರೆ ತಾನಾಗೇ ಅಭ್ಯಾಸ ಆಗೋ ವಿಷಯ. ನಿಮಗೆ ಈ ಊರಲ್ಲಿ ನಾಲ್ಕು ಜನ ಬೇಕು ಅಂದರೆ ಮೂರನೆಯದಕ್ಕೆ ಗಮನ ಕೊಡಬೇಕು.

ಮೊದಲು ಊರಿನ ಲೆಕ್ಕ. ಗ್ರೀನ್ ಬೇ ಜನಸಂಖ್ಯೆ ಒಂದು ಲಕ್ಷದ ಮೇಲೆ ಸ್ವಲ್ಪ. ಊರಿನ ತಂಡದ ಸ್ಟೇಡಿಯಂ ಲ್ಯಾಂಬೋ ಫೀಲ್ಡ್‌ನಲ್ಲಿ ಕೂರಬಹುದಾದವರು 81 ಸಾವಿರಕ್ಕೂ ಹೆಚ್ಚು. ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಉಳಿದ ತಂಡಗಳಿಗೆಲ್ಲ ಒಬ್ಬ ಧಣಿ, ಇಲ್ಲವೇ ಒಂದು ಧಣಿಗಳ ಕುಟುಂಬ ಇದೆ. ಈ ಊರಿನ ಪ್ಯಾಕರ್ಸ್‌ಗೆ ಮಾತ್ರ ಐದು ಲಕ್ಷಕ್ಕೂ ಮೀರಿದ ಷೇರುದಾರರು. ಕೊನೆಯ ಸಲ 2021ರ ಕೊನೆಯಲ್ಲಿ ಷೇರು ಮಾರಿದಾಗ ಒಂದಕ್ಕೆ 300 ಡಾಲರ್. ಅದಕ್ಕೆ ಡಿವಿಡೆಂಡ್ ಇಲ್ಲ, ಲಾಭಕ್ಕೆ ಮಾರೋ ಹಾಗಿಲ್ಲ, ಟಿಕೆಟ್ಟೂ ಸಿಗಲ್ಲ. ಜನ ಕೊಂಡು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಹಾಗಾಗಿ ಈ ಊರಿನವರು 'ನಮ್ಮ ತಂಡ' ಅಂದರೆ ಅದು ಬರೀ ಅಭಿಮಾನದ ಮಾತಲ್ಲ.

ಇನ್ನು ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು? ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇದು ಆಟ. ಹೆಚ್ಚುಕಮ್ಮಿ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಇವನ ಕೈಗೆ ಬರುತ್ತೆ. ಎದುರಿನಿಂದ ನೂರಿಪ್ಪತ್ತು, ನೂರಮೂವತ್ತು ಕೆಜಿಯ ಆಳುಗಳು ಇವನನ್ನು ಕೆಡವೋಕೆ ನುಗ್ಗಿ ಬರ್ತಿರುತ್ತಾರೆ. ಮೂರು ಸೆಕೆಂಡಿನ ಒಳಗೆ ಯಾರಿಗೆ ಎಸೀಬೇಕು ಅನ್ನೋದು ತೀರ್ಮಾನ ಆಗಬೇಕು. ಇದನ್ನು ಒಬ್ಬನೇ ಮನುಷ್ಯ ಒಂದೇ ಊರಲ್ಲಿ ಹದಿನಾರು ವರ್ಷ ಮಾಡಿದರೆ, ಅವನು ಆಡೋಕೆ ಶುರು ಮಾಡಿದಾಗ ತೊಟ್ಟಿಲಲ್ಲಿದ್ದ ಮಕ್ಕಳು ಅವನು ಹೋಗುವಾಗ ಕಾರು ಓಡಿಸ್ತಿರ್ತಾರೆ.

ರಾಜರ್ಸ್‌ಗಿಂತ ಮೊದಲು ಇಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಬ್ರೆಟ್ ಫಾರ್ವ್ ಮಾಡಿದ್ದು ಅದನ್ನೇ. 1992ರ ಸೆಪ್ಟೆಂಬರಿನಲ್ಲಿ ಆಗಿನ ಕ್ವಾರ್ಟರ್‌ಬ್ಯಾಕ್ ಡಾನ್ ಮಾಜ್‌ಕೌಸ್ಕಿಗೆ ಏಟು ಬಿದ್ದು ಹೊರಗೆ ಹೋದಾಗ ಒಳಗೆ ಬಂದವನು 2008ರ ಜನವರಿವರೆಗೆ ಗ್ರೀನ್ ಬೇಯಲ್ಲಿ ಒಂದೂ ಪಂದ್ಯ ತಪ್ಪಿಸಲಿಲ್ಲ. ಬೇರೆ ತಂಡಗಳಲ್ಲಿ ಆಡಿದ್ದನ್ನೂ ಸೇರಿಸಿದರೆ ಲೀಗಿನಲ್ಲಿ ಸತತ 297 ಪಂದ್ಯ. ಬೆರಳು ಮುರಿದಾಗಲೂ ಆಡಿದ. 1997ರ ಜನವರಿಯಲ್ಲಿ ಲೀಗಿನ ಫೈನಲ್ ಸೂಪರ್ ಬೌಲ್ ಗೆದ್ದು ಕೊಟ್ಟ. ಕೊನೆಕೊನೆಗೆ ಪ್ರತಿ ಚಳಿಗಾಲವೂ ಒಂದೇ ನಾಟಕ: ಈ ಸಲ ಬಿಡ್ತಾನಂತೆ, ಇಲ್ಲವಂತೆ, ಮಿಸಿಸಿಪ್ಪಿಯ ಮನೆಯಲ್ಲಿ ಕೂತು ಯೋಚನೆ ಮಾಡ್ತಿದ್ದಾನಂತೆ. 2008ರ ಮಾರ್ಚಿನಲ್ಲಿ ಬಿಟ್ಟೇಬಿಟ್ಟ. ಮೈಕ್ ಮುಂದೆ ಕೂತು ಅತ್ತ. ಆಡೋ ಶಕ್ತಿ ಇದೆ, ಮನಸ್ಸಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ.

ಆ ವಾರ ನಮ್ಮ ಬೀದಿಯಲ್ಲಿ ಹಿಮ ಇನ್ನೂ ಮೊಣಕಾಲೆತ್ತರ ಇತ್ತು. ಪಕ್ಕದ ಮನೆಯ ಯಜಮಾನರು ಕಾಗದದ ಮಿಲ್ಲಿನ ಕೆಲಸಗಾರರು, ಅದುವರೆಗೆ ನನ್ನ ಜೊತೆ ಆಡಿದ್ದೆಲ್ಲ ಬರೀ ಹವಾಮಾನದ ಮಾತು. ಅವತ್ತು ಸಲಿಕೆಯನ್ನು ಹಿಮದ ಗುಡ್ಡೆಗೆ ನೆಟ್ಟು, ಹಿಡಿಯ ಮೇಲೆ ಎರಡೂ ಕೈ ಇಟ್ಟು ನಿಂತರು. 2003ರ ಡಿಸೆಂಬರಿನ ಓಕ್‌ಲ್ಯಾಂಡ್ ಪಂದ್ಯ ನೋಡಿದ್ದೀಯಾ ಅಂತ ಕೇಳಿದರು. ಫಾರ್ವ್‌ನ ಅಪ್ಪ ತೀರಿಕೊಂಡ ಮರುದಿನ ಅವನು ಮೈದಾನಕ್ಕಿಳಿದು 399 ಗಜ ಎಸೆದು ನಾಲ್ಕು ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿಸಿ ಗಳಿಸೋ ಅಂಕ) ಹೊಡೆಸಿದ ಪಂದ್ಯ ಅದು. ಆಮೇಲೆ ತಮ್ಮ ಅಪ್ಪ ಸತ್ತಾಗ ಮಣ್ಣು ಮುಗಿಸಿ ಮಾರನೆಯ ದಿನದ ಪಾಳಿಗೆ ತಾವು ಹೋಗಿದ್ದನ್ನು ಹೇಳಿದರು. ಮೀಸೆಯ ಮೇಲೆ ಹಿಮದ ಪುಡಿ ಕೂತಿತ್ತು, ಒರೆಸಿಕೊಳ್ಳಲೂ ಇಲ್ಲ. ಆ ಶುಕ್ರವಾರ ಅವರ ಹೆಂಡತಿ ನಮ್ಮನ್ನು ಮೀನೂಟಕ್ಕೆ ಕರೆದರು. ನಾವು ಬರೀ ಆಲೂಗಡ್ಡೆ, ಎಲೆಕೋಸು ತಿಂದು ಬಂದೆವು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಈ ಕಡೆಯ ಜನ ತಮ್ಮ ಬಗ್ಗೆ ಬಾಯಿ ಬಿಡೋದು ಕಡಿಮೆ. ಊರಲ್ಲಿ ನಮ್ಮವರು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಮಗಳ ಮದುವೆಯ ಸಾಲದ ಲೆಕ್ಕವನ್ನೇ ಒಪ್ಪಿಸ್ತಾರೆ. ಇವರು ಇಪ್ಪತ್ತು ವರ್ಷ ಪಕ್ಕದಲ್ಲಿದ್ದರೂ ಹೇಳಲ್ಲ. ಆದರೆ ಕ್ವಾರ್ಟರ್‌ಬ್ಯಾಕ್ ನಿವೃತ್ತಿಯ ಮಾತು ಬಂದಾಗ ಅಪ್ಪ, ಡಿವೋರ್ಸು, ಮುಚ್ಚಿದ ಕಾರ್ಖಾನೆ ಎಲ್ಲ ಒಂದೊಂದಾಗಿ ಹೊರಗೆ ಬರುತ್ತೆ.

ಈಗ ರಾಜರ್ಸ್ ವಿಷಯ. ಅದಕ್ಕೂ ಮೊದಲು ಫಾರ್ವ್ ಕಥೆಯ ಬಾಲ ಗೊತ್ತಿರಬೇಕು. ಮಾರ್ಚಿನಲ್ಲಿ ಅತ್ತವನು ಜುಲೈನಲ್ಲಿ ವಾಪಸ್ ಬರ್ತೀನಿ ಅಂದ. ಅಷ್ಟರಲ್ಲಿ ತಂಡದವರು ಮೂರು ವರ್ಷ ಬೆಂಚಿನಲ್ಲಿ ಕೂತಿದ್ದ ರಾಜರ್ಸ್‌ನ ಕೈಗೆ ಚೆಂಡು ಕೊಡೋದು ಅಂತ ನಿರ್ಧಾರ ಮಾಡಿ ಆಗಿತ್ತು. ಊರು ಎರಡು ಹೋಳಾಯಿತು. ಏನೂ ತಪ್ಪು ಮಾಡದ ರಾಜರ್ಸ್‌ಗೆ ಆ ಬೇಸಿಗೆಯ ಅಭ್ಯಾಸದಲ್ಲಿ ಜನ ಬೈದರು. ಫಾರ್ವ್ ನ್ಯೂಯಾರ್ಕ್ ಜೆಟ್ಸ್‌ಗೆ ಹೋದ, ಮುಂದಿನ ವರ್ಷ ಮಿನ್ನೆಸೋಟ ವೈಕಿಂಗ್ಸ್ ಸೇರಿದ. ಪ್ಯಾಕರ್ಸ್‌ಗೂ ವೈಕಿಂಗ್ಸ್‌ಗೂ ಎಣ್ಣೆ-ಸೀಗೆಕಾಯಿ. 2009ರ ನವೆಂಬರ್ 1ರಂದು ವೈಕಿಂಗ್ಸ್‌ನ ನೇರಳೆ ಅಂಗಿ ತೊಟ್ಟು ಲ್ಯಾಂಬೋಗೆ ಬಂದ. ಅವನ ಹೆಸರನ್ನು ಮಕ್ಕಳಿಗೆ ಇಟ್ಟಿದ್ದ ಜನವೇ ಎದ್ದು ನಿಂತು ಛೀ ಥೂ ಅಂದರು. ಅವನು 38-26ರಲ್ಲಿ ಗೆದ್ದು ಹೋದ. ನನ್ನ ಕೇಳಿದರೆ ತಂಡ ಮಾಡಿದ್ದೇ ಸರಿ. ಆದರೆ ಈ ಮಾತನ್ನು ಪಕ್ಕದ ಮನೆಯಲ್ಲಿ ಇವತ್ತಿಗೂ ಆಡಿಲ್ಲ.

ನೀವು ಬೆಂಗಳೂರು ಎಫ್‌ಸಿ ಅಭಿಮಾನಿ ಅಂತ ಬರೆದಿದ್ದೀರಲ್ಲ. ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಭಾರತದ ಅಂಗಿ ಕಳಚಿ ಅತ್ತರು, ಒಂಬತ್ತು ತಿಂಗಳಲ್ಲಿ ಮತ್ತೆ ತೊಟ್ಟರು, ಮಾಲ್ಡೀವ್ಸ್ ಮೇಲೆ ಗೋಲೂ ಹೊಡೆದರು. ಯಾರಿಗೂ ದೊಡ್ಡ ಸಿಟ್ಟು ಬರಲಿಲ್ಲ, ಯಾಕೆಂದರೆ ಅಂಗಿ ಅದೇ ಇತ್ತು. ನಿವೃತ್ತಿಯಿಂದ ಎದ್ದು ಬಂದು ಮೋಹನ್ ಬಗಾನ್ ಅಂಗಿಯಲ್ಲಿ ಕಂಠೀರವಕ್ಕೆ ಕಾಲಿಟ್ಟಿದ್ದರೆ ಪಶ್ಚಿಮದ ಸ್ಟ್ಯಾಂಡಿನವರು ಏನನ್ನುತ್ತಿದ್ದರು, ಯೋಚಿಸಿ.

ರಾಜರ್ಸ್ ಕೂಡ ಹದಿನೈದು ವರ್ಷ ಅದೇ ಗಾದಿಯಲ್ಲಿದ್ದ. 2011ರಲ್ಲಿ ಸೂಪರ್ ಬೌಲ್, ನಾಲ್ಕು ಸಲ ಲೀಗಿನ ಶ್ರೇಷ್ಠ ಆಟಗಾರ. 2020ರಲ್ಲಿ ತಂಡ ಹೊಸ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಲವ್‌ನನ್ನು ಆರಿಸಿಕೊಂಡಾಗ ಎಲ್ಲರಿಗೂ ಅರ್ಥವಾಯಿತು, ಹಳೇ ಚಕ್ರ ಮತ್ತೆ ತಿರುಗಿತು ಅಂತ. 2023ರ ಜನವರಿಯಲ್ಲಿ ಡೆಟ್ರಾಯಿಟ್ ವಿರುದ್ಧ ಸೋತ ರಾತ್ರಿ, ಜೊತೆ ಆಟಗಾರ ರ‍್ಯಾಂಡಲ್ ಕಾಬ್ ಜೊತೆ ನಿಧಾನವಾಗಿ ಸುರಂಗದೊಳಕ್ಕೆ ನಡೆದು ಹೋದ. ಎದುರು ತಂಡದ ಹುಡುಗ ಅಂಗಿ ಬದಲಾಯಿಸಿಕೊಳ್ಳೋಣ ಅಂದರೆ ಇದನ್ನು ಇಟ್ಟುಕೊಳ್ತೀನಿ ಅಂದನಂತೆ. ಅಷ್ಟು ಸಾಕಾಯಿತು, ಮುಂದಿನ ಎರಡು ತಿಂಗಳು ಊರಿನ ಬಾರುಗಳಲ್ಲಿ ಆ ಅಂಗಿಯದೇ ವ್ಯಾಖ್ಯಾನ. ಫೆಬ್ರವರಿಯಲ್ಲಿ ಆರೆಗಾನ್‌ನಲ್ಲಿ ಕತ್ತಲೆ ಕೋಣೆ ಸೇರಿ ಧ್ಯಾನಕ್ಕೆ ಕೂತ. (ಭಾರತದವನು ಅಂತ ಆಗ ನನ್ನನ್ನು ಅದರ ಬಗ್ಗೆ ಕೇಳಿದವರಿಗೆ ಲೆಕ್ಕವಿಲ್ಲ. ನನಗೆ ಏನು ಗೊತ್ತು, ಕರೆಂಟ್ ಹೋದಾಗ ಕತ್ತಲಲ್ಲಿ ಕೂತಿದ್ದೇ ನನ್ನ ಅನುಭವ.) ಹೊರಗೆ ಬಂದು ಅವನೂ ಜೆಟ್ಸ್‌ಗೇ ಹೋದ. ಅಲ್ಲಿ ನಾಲ್ಕನೇ ಯತ್ನಕ್ಕೇ ಹಿಮ್ಮಡಿಯ ನರ ಹರಿಯಿತು. 2025ರಲ್ಲಿ ಪಿಟ್ಸ್‌ಬರ್ಗ್ ಸೇರಿ ಪ್ಯಾಕರ್ಸ್ ವಿರುದ್ಧವೇ ಆಡಿ ಸೋತ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಅವನು ಇನ್ನೊಂದು ಊರಿನ ಅಂಗಿ ಹಾಕಿಕೊಂಡು ಓಡಾಡೋವರೆಗೂ ಇವರು ಅವನನ್ನು ಮನೆಗೆ ಕರೆಯೋ ಹಾಗಿಲ್ಲ. ನಿಲ್ಲಿಸಿದ ಮೇಲೆ ತಾನೇ ಜಗಳ ಮುಗಿಯೋದು. ಫಾರ್ವ್ ವಿಷಯದಲ್ಲೂ ಹಾಗೇ ಆಯಿತು. 2015ರ ಜುಲೈನಲ್ಲಿ ಅವನ 4ನೇ ನಂಬರ್ ಅಂಗಿಗೆ ಗೌರವ ಕೊಟ್ಟ ದಿನ, ಮೈದಾನದಲ್ಲಿ ಆಟವೇ ಇಲ್ಲದಿದ್ದರೂ ಸಮಾರಂಭವನ್ನು ಪರದೆಯ ಮೇಲೆ ನೋಡೋಕೆ 67 ಸಾವಿರ ಜನ ಸೇರಿದರು. ಥೂ ಅಂದವರೇ ಕಣ್ಣೊರೆಸಿಕೊಂಡರು. 2024ರಲ್ಲಿ ಫಾರ್ವ್ ತನಗೆ ಪಾರ್ಕಿನ್ಸನ್ (ಕೈಕಾಲು ನಡುಗಿಸೋ ಮಿದುಳಿನ ಕಾಯಿಲೆ) ಇದೆ ಅಂತ ಹೇಳಿದ ಮೇಲೆ ಈ ಚರ್ಚೆಯ ದನಿಯೂ ಬದಲಾಗಿದೆ. ಹಿಂದೆ ಇನ್ನೊಂದು ವರ್ಷ ಆಡಲಿ ಅಂತಿದ್ದವರು ಈಗ ಸಾಕು, ತಲೆ ನೆಟ್ಟಗಿರುವಾಗಲೇ ಮನೆಗೆ ಹೋಗಲಿ ಅಂತಾರೆ. ನಲವತ್ತು ದಾಟಿದವನು ಕೆಳಗೆ ಬಿದ್ದಾಗಲೆಲ್ಲ ನಿಮ್ಮ ಆಫೀಸಿನವರ ಜೀವ ಸ್ವಲ್ಪ ಹೌಹಾರುತ್ತೆ, ಬಾಯಲ್ಲಿ ಬೈಗುಳವೇ ಇದ್ದರೂ.

ನೀವು ಅಲ್ಲಿ ಅಭಿಪ್ರಾಯ ಹೇಳಬೇಕಿಲ್ಲ, ಅದರಲ್ಲೂ 'ಆಗಲೇ ಬಿಡಬೇಕಿತ್ತು' ಅನ್ನೋ ಮಾತು ಬೇಡವೇ ಬೇಡ. ನೀವು ಲ್ಯಾಂಬೋದಲ್ಲಿ ನೋಡಿದ ಮೊದಲ ಪಂದ್ಯ ಯಾವುದು, ಯಾರು ಕರೆದುಕೊಂಡು ಹೋಗಿದ್ದರು ಅಂತ ಕೇಳಿ ಸುಮ್ಮನಿರಿ. ನೇರಳೆ ಜಾಕೆಟ್ ಇದ್ದರೆ ಪಂದ್ಯದ ವಾರ ಮನೆಯಲ್ಲೇ ಇರಲಿ. ಸೀಸನ್ ಟಿಕೆಟ್ಟಿಗೆ ಹೆಸರು ಬರೆಸಬಹುದು, ನಿಮ್ಮ ಮುಂದೆ ಒಂದು ಲಕ್ಷಕ್ಕೂ ಹೆಚ್ಚು ಜನ ಕಾಯ್ತಿದ್ದಾರೆ, ನಿಮ್ಮ ಮೊಮ್ಮಕ್ಕಳಿಗೆ ಅನುಕೂಲ ಆಗಬಹುದು.

ಅದಕ್ಕಿಂತ ಸುಲಭದ್ದು ಒಂದಿದೆ. ಜುಲೈ ಕೊನೆಗೆ ಅಭ್ಯಾಸ ಶಿಬಿರ ಶುರುವಾದಾಗ ಆಟಗಾರರು ಲ್ಯಾಂಬೋದಿಂದ ಅಭ್ಯಾಸದ ಮೈದಾನಕ್ಕೆ ಊರಿನ ಮಕ್ಕಳ ಸೈಕಲ್ ಮೇಲೆ ಹೋಗ್ತಾರೆ, ಮಗು ಅವರ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ಓಡುತ್ತೆ. ನಿಮ್ಮ ಮಗಳಿಗೆ ಏಳು ವರ್ಷ ಅಂದಿರಿ, ಸರಿಯಾದ ವಯಸ್ಸು. ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಿಸಿ. ಸೈಕಲ್ ಕೊಳ್ಳುವಾಗ ಮಾತ್ರ ಚಂದ ನೋಡಬೇಡಿ, ಸೀಟಿನ ಕಂಬಿ ಗಟ್ಟಿ ಇರೋದು ನೋಡಿ.