ಹಾಯಿದೋಣಿಗೆ ಎಂಥ ಚಾಕು? ಮೊದಲು ಒರೆ ನೋಡಿ

ಪ್ರಶ್ನೆ: ನಾನು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದೇನೆ. ವಾರಾಂತ್ಯದಲ್ಲಿ ಸಹೋದ್ಯೋಗಿಯೊಬ್ಬರ 31 ಅಡಿಯ ಹಾಯಿದೋಣಿಯಲ್ಲಿ ಸೊಲೆಂಟ್ ಜಲಸಂಧಿಗೆ ಹೋಗುತ್ತೇನೆ. ನನ್ನ ಹತ್ತಿರ ಮಡಚುವ ಚಾಕು ಇದೆ. ಆದರೆ ಚಳಿಗೆ ಬೆರಳು ಮರಗಟ್ಟಿದರೆ ಅದನ್ನು ಬಿಚ್ಚೋಕೇ ಆಗಲ್ಲ. ಮೈಮೇಲೆ ಧರಿಸುವಂಥ, ಮಡಚದ ಸಣ್ಣ ಚಾಕು ತಗೋಬೇಕು ಅಂತಿದ್ದೇನೆ. ಯಾವ ಸ್ಟೀಲ್ ಒಳ್ಳೆಯದು? ಕುತ್ತಿಗೆಗೆ ಹಾಕಿಕೊಳ್ಳುವ ಚಾಕು ಆಗುತ್ತಾ?

ಉತ್ತರ: ಕುತ್ತಿಗೆಗೆ ಬೇಡ. ಹಗ್ಗ, ವಿಂಚ್ (ಹಗ್ಗ ಸುತ್ತಿ ಬಿಗಿಯಾಗಿ ಎಳೆಯುವ ಉರುಳೆ), ಕೊಕ್ಕೆಗಳೇ ತುಂಬಿರುವ ಜಾಗದಲ್ಲಿ ಕೊರಳಿಗೊಂದು ದಾರ ಕಟ್ಟಿಕೊಂಡು ಓಡಾಡುವುದು ಅಪಾಯ. ಆ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಚಾಕು ತೆಗೆಯೋಕೆ ಸಮಯವೇ ಇರಲ್ಲ.

ಸ್ಟೀಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒರೆಯ ಬಗ್ಗೆ ಯಾರೂ ಕೇಳಲ್ಲ. ನನ್ನ ಪ್ರಕಾರ ಒರೆ ಮತ್ತು ಅದನ್ನು ಕಟ್ಟುವ ಜಾಗ ಗೊತ್ತಾದ ಮೇಲೇ ಚಾಕು ಆರಿಸಬೇಕು.

ನೀವು ಹಾಕಿಕೊಳ್ಳುವುದು ತಾನಾಗಿ ಉಬ್ಬುವ ಲೈಫ್ ಜಾಕೆಟ್ ಅಂದುಕೊಳ್ಳುತ್ತೇನೆ. ನೀರಿಗೆ ಬಿದ್ದ ಕೆಲವೇ ಸೆಕೆಂಡಿನಲ್ಲಿ ಅದರ ಗಾಳಿಚೀಲ ಎದೆ ತುಂಬಾ ಉಬ್ಬಿ ಗದ್ದಕ್ಕೆ ಒತ್ತುತ್ತದೆ. ಆಮೇಲೆ ನಿಮ್ಮ ಸೊಂಟ ನಿಮಗೇ ಕಾಣಲ್ಲ. ಎದೆ ಮೇಲೆ ಚಾಕು ಕಟ್ಟಿದ್ದರೆ ಅದು ಗಾಳಿಚೀಲದ ಹಿಂದೆ ಮರೆಯಾಗಬಹುದು, ಇಲ್ಲವೇ ಚೀಲವನ್ನೇ ಚುಚ್ಚಬಹುದು. ಪ್ಯಾಂಟಿನ ಬೆಲ್ಟಿಗೆ ಕಟ್ಟಿದರೆ ಮಳೆಕೋಟಿನ ಅಡಿ ಸೇರಿಹೋಗುತ್ತದೆ. ಸರಿಯಾದ ಜಾಗ ಅಂದರೆ ಲೈಫ್ ಜಾಕೆಟ್‌ನದೇ ಸೊಂಟಪಟ್ಟಿ, ಗಾಳಿಚೀಲಕ್ಕಿಂತ ಕೆಳಗೆ. ಒರೆಯನ್ನು ಅಡ್ಡಡ್ಡ ಕಟ್ಟಿ, ಹಿಡಿ ಹೊಕ್ಕುಳಿನ ಕಡೆಗಿರಲಿ. ಆಗ ಎಡಗೈಗೂ ಸಿಗುತ್ತದೆ, ಬಲಗೈಗೂ ಸಿಗುತ್ತದೆ. ಒಂದು ಕೈ ಹಗ್ಗಕ್ಕೆ ಸಿಕ್ಕಿಕೊಂಡಾಗಲೇ ಅಲ್ವಾ ಚಾಕು ಬೇಕಾಗುವುದು? ಕಟ್ಟಿದ ಮೇಲೆ ಜಾಕೆಟ್ ಹಾಕಿಕೊಂಡು, ಬಾಯಿಂದ ಗಾಳಿ ತುಂಬುವ ಕೊಳವೆಯಲ್ಲಿ ಊದಿ ಉಬ್ಬಿಸಿ. ಕಣ್ಣು ಮುಚ್ಚಿ ಎರಡೂ ಕೈಯಿಂದ ತೆಗೆದು ನೋಡಿ. (ಫೋಮ್ ಜಾಕೆಟ್ ಹಾಕುವ ಸಣ್ಣ ಡಿಂಗಿ ದೋಣಿಯವರಿಗೆ ಈ ತಲೆನೋವಿಲ್ಲ, ಎದೆ ಮೇಲೇ ಕಟ್ಟಬಹುದು.)

ಒರೆ ಗಟ್ಟಿ ಪ್ಲಾಸ್ಟಿಕ್ಕಿನದ್ದಾಗಲಿ, ಉದಾಹರಣೆಗೆ ಕೈಡೆಕ್ಸ್. ನೀರು ಇಳಿಯಲು ತೂತು ಇರಬೇಕು. ಚರ್ಮದ ಒರೆ ನೋಡೋಕೆ ಚೆಂದ, ಆದರೆ ಉಪ್ಪುನೀರು ಹೀರಿಕೊಂಡು ಅಲಗನ್ನು ಒಳಗೇ ತುಕ್ಕು ಹಿಡಿಸುತ್ತದೆ. ತಲೆಕೆಳಗಾಗಿ ಹಿಡಿದು ಜೋರಾಗಿ ಕುಲುಕಿದರೂ ಚಾಕು ಬೀಳಬಾರದು. ಗ್ಲೌಸ್ ಹಾಕಿದ ಒಂದೇ ಕೈಯಲ್ಲಿ ಈಚೆ ಬರಬೇಕು.

ಇನ್ನು ಅಲಗು. 6ರಿಂದ 8 ಸೆಂಟಿಮೀಟರ್ ಸಾಕು. ಸಣ್ಣ ಚಾಕು ಅಂದ ತಕ್ಷಣ ಹಿಡಿಯೂ ಸಣ್ಣದಿರಬೇಕಾಗಿಲ್ಲ. ಎರಡು ಬೆರಳಿಗಷ್ಟೇ ಸಾಲುವ ಹಿಡಿ ಒದ್ದೆ ಕೈಯಿಂದ ಜಾರುತ್ತದೆ. ಹಿಡಿಯ ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ತುದಿ ಮಾತ್ರ ಮೊಂಡಾಗಿರಲೇಬೇಕು. ಓಲಾಡುವ ದೋಣಿಯಲ್ಲಿ ಚೂಪು ತುದಿ ಇರಿಯುವುದು ನಿಮ್ಮ ತೊಡೆಗೋ ಪಕ್ಕದವರ ಲೈಫ್ ಜಾಕೆಟ್‌ಗೋ. ಇಷ್ಟವಾದ ಚಾಕುವಿನ ತುದಿ ಚೂಪಾಗಿದ್ದರೆ ಸಾಣೆ ಹಿಡಿಸಿ ಮೊಂಡು ಮಾಡಿಸಿ. ಆಗಾಗ ನೀರಿಗದ್ದಿ ತಣಿಸುತ್ತಿರಲು ಹೇಳಿ. ಕಾದರೆ ಸ್ಟೀಲಿನ ಗಡಸುತನ ಹೋಗುತ್ತದೆ.

ಅಲಗಿನ ಬಾಯಿಗೆ ಗರಗಸದಂಥ ಹಲ್ಲಿರಲಿ. ಬಿಗಿಯಾಗಿ ಎಳೆದ ಹಗ್ಗವನ್ನು ಯಾವ ಹರಿತ ಚಾಕು ಬೇಕಾದರೂ ಕತ್ತರಿಸುತ್ತದೆ. ಸಡಿಲ ಹಗ್ಗ, ಅದರಲ್ಲೂ ಡೈನೀಮಾ ಎಂಬ ಕೃತಕ ನಾರಿನ ನುಣುಪಾದ ಹಗ್ಗ, ಸಾದಾ ಬಾಯಿಗೆ ಸಿಗದೆ ಜಾರುತ್ತದೆ. ಹಲ್ಲಾದರೆ ಎಳೆಗಳನ್ನು ಹಿಡಿದು ಕೊಯ್ಯುತ್ತದೆ. ದೋಣಿಯ ಮಾಲೀಕರಿಂದ ಹಳೆ ಹಗ್ಗದ ತುಂಡು ಕೇಳಿ ತಂದು, ನೆನೆಸಿ, ಒಂದೇ ಕೈಯಲ್ಲಿ ಕತ್ತರಿಸಿ ನೋಡಿ. ಪಟದ ಕಂಬವನ್ನು ಆಧರಿಸಿ ನಿಲ್ಲಿಸುವ ಉಕ್ಕಿನ ತಂತಿಗೆ ಮಾತ್ರ ಯಾವ ಚಾಕುವೂ ಆಗಿಬರಲ್ಲ. ಅದಕ್ಕೆ ಬೋಲ್ಟ್ ಕಟ್ಟರ್ ಬೇಕು.

ಈಗ ಸ್ಟೀಲ್. ತುಕ್ಕೇ ಬೇಡ ಅಂದರೆ ಎಚ್1 ಅಥವಾ ಎಲ್‌ಸಿ200ಎನ್ ನೋಡಿ. ಇವುಗಳಲ್ಲಿ ಇಂಗಾಲ ಕಡಿಮೆ, ಸಾರಜನಕ ಇದೆ. ಸಮುದ್ರದ ನೀರಿಗೆ ಸುಲಭಕ್ಕೆ ಜಗ್ಗಲ್ಲ. ಅಮೆರಿಕದ ಸ್ಪೈಡರ್ಕೋ ಕಂಪನಿಯ ಸಾಲ್ಟ್ ಸರಣಿಯ ಚಾಕುಗಳಲ್ಲಿ ಇವನ್ನು ಬಳಸಿದ್ದಾರೆ. ಬೆಲೆ ಜಾಸ್ತಿ. ಸ್ವೀಡನ್ನಿನ ಮೋರಾ ಕಂಪನಿಯ ಸ್ಟೇನ್‌ಲೆಸ್ ಚಾಕು ಅಗ್ಗ, ಕೆಲಸಕ್ಕೆ ಗಟ್ಟಿ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು ಒರೆಸುವ ಅಭ್ಯಾಸ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಕಲೆ ಬೀಳುತ್ತದೆ. ಕಾರ್ಬನ್ ಸ್ಟೀಲ್ ಸುಮ್ನೆ ಬೇಡ.

ನಿಜವಾಗಿ ಕತ್ತರಿಸುವ ಹೊತ್ತು ಬಂದರೆ ಒಂದು ಎಚ್ಚರ. ಯಾರದೋ ಬೆರಳು ವಿಂಚ್ ಮತ್ತು ಹಗ್ಗದ ನಡುವೆ ಸಿಕ್ಕಿದೆ ಅನ್ನಿ. ವಿಂಚ್‌ಗೂ ಪಟಕ್ಕೂ ನಡುವಿನ ಭಾಗದಲ್ಲಿ ಕತ್ತರಿಸಬೇಕು. ಕತ್ತರಿಸಿದ ಕ್ಷಣವೇ ಆ ತುದಿ ಚಾಟಿಯಂತೆ ಬೀಸಿ ಹೋಗುತ್ತದೆ. ಎಲ್ಲರಿಗೂ ಕೂಗಿ ಹೇಳಿ, ಹಗ್ಗದ ನೇರದಿಂದ ಸರಿದು ನಿಂತೇ ಅಲಗು ತಾಗಿಸಿ.

ದೋಣಿಗೂ ಒಂದು ಚಾಕು ಇರಲಿ ಅಂತ ಸ್ನೇಹಿತರಿಗೆ ಹೇಳಿ. ಹಾಯಿದೋಣಿ ಕ್ರೀಡೆಯ ವಿಶ್ವಸಂಸ್ಥೆಯಾದ ವರ್ಲ್ಡ್ ಸೇಲಿಂಗ್‌ನ ಆಫ್‌ಶೋರ್ (ದಡದಿಂದ ದೂರದ ರೇಸುಗಳ) ನಿಯಮದಲ್ಲೇ ಇದಿದೆ: ಡೆಕ್ ಅಥವಾ ಕಾಕ್‌ಪಿಟ್‌ನಿಂದ (ದೋಣಿ ನಡೆಸುವವರು ಕೂರುವ ತಗ್ಗು ಜಾಗ) ಕೈಗೆಟುಕುವಂತೆ, ಒರೆ ಸಮೇತ ಕಟ್ಟಿಟ್ಟ ಗಟ್ಟಿ, ಹರಿತ ಚಾಕು.

ಕೊನೆಗೆ ನೀವು ಕೇಳದ ಮಾತು. ಬ್ರಿಟನ್ನಿನಲ್ಲಿ ಸಾರ್ವಜನಿಕ ಜಾಗದಲ್ಲಿ ಮಡಚದ ಚಾಕು ಹೊಂದಿರಲು ಸರಿಯಾದ ಕಾರಣ ಬೇಕು. ಲಾಕ್ ಆಗದ, 3 ಇಂಚಿನೊಳಗಿನ ಮಡಚುವ ಚಾಕುವಿಗಿರುವ ವಿನಾಯಿತಿ ಇದಕ್ಕಿಲ್ಲ, ಎಷ್ಟೇ ಚಿಕ್ಕದಿದ್ದರೂ. ದೋಣಿಗೆ ಹೋಗುವಾಗ ಬ್ಯಾಗಿನ ತಳದಲ್ಲಿ, ಸೇಲಿಂಗ್ ಬಟ್ಟೆಗಳ ಜೊತೆ ಇಡಿ. ವಾಪಸ್ ಬಂದು ಎಲ್ಲರ ಜೊತೆ ಪಬ್‌ಗೆ ಹೋಗುವಾಗ ಸೊಂಟದಲ್ಲಿ ಬೇಡವೇ ಬೇಡ. ಸಾಧ್ಯವಾದರೆ ದೋಣಿಯಲ್ಲೇ ಬಿಟ್ಟು ಬನ್ನಿ. ಊರಿಗೆ ತರುವುದಾದರೆ ಚೆಕ್-ಇನ್ ಲಗೇಜಿನಲ್ಲಿ ಹಾಕಿ, ಕೈಚೀಲದಲ್ಲಿ ಬಿಡಲ್ಲ.